ರೋಮ್‌ನಿಂದ ಹ್ಯಾಂಬರ್ಗ್, ರೊದ್ದಂನಿಂದ ಅಮರಾವತಿ: ದೂರವನ್ನು ಅಳೆಯುವ ಬಗೆ

ಇಟಲಿಯ ರೋಮ್ ನಗರದಿಂದ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಎಷ್ಟು ದೂರ? ನಕಾಶೆಯನ್ನು ಹರಡಿ ಅಳತೆಪಟ್ಟಿಯನ್ನಿಟ್ಟು ಶಾಲಾಬಾಲಕನೂ ಉತ್ತರಿಸಬಹುದಾದ ಈ ಪ್ರಶ್ನೆ 2017ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ಮುಂದೆ ಬಂದಿತು. ಪ್ರಯಾಣಿಕರು ಕೆಲವರು ರೋಮ್‌ನಿಂದ ವಿಮಾನವೇರಿ, ಬ್ರಸೆಲ್ಸ್‌ನಲ್ಲಿ ಇಳಿದು, ಅಲ್ಲಿಂದ ಬೇರೊಂದು ವಿಮಾನದಲ್ಲಿ ಹ್ಯಾಂಬರ್ಗ್ ಸೇರಬೇಕಾಗಿತ್ತು. ಮೊದಲನೆಯ ವಿಮಾನ ತಡವಾಯಿತು, ಎರಡನೆಯದು ಕೈತಪ್ಪಿತು, ಅವರು ಊರು ಸೇರಿದ್ದು ನಿಗದಿತ ವೇಳೆಗಿಂತ 3 ಗಂಟೆ 50 ನಿಮಿಷ ತಡವಾಗಿ. ಪರಿಹಾರ ಸಲ್ಲಬೇಕೆಂಬುದರಲ್ಲಿ ಸಂದೇಹವಿರಲಿಲ್ಲ. ಎಷ್ಟು ಸಲ್ಲಬೇಕು ಎಂಬುದೇ ವ್ಯಾಜ್ಯದ ವಿಷಯವಾಗಿತ್ತು.

ಯುರೋಪಿನಲ್ಲಿ ಇದಕ್ಕೆಂದೇ 2004ರ 261ನೆಯ ನಿಯಮಾವಳಿ ಇದೆ. ಅದರ ಪ್ರಕಾರ ಪರಿಹಾರದ ಮೊತ್ತ ನಿಂತಿರುವುದು ದೂರದ ಮೇಲೆ. 1,500 ಕಿಲೋಮೀಟರಿನವರೆಗಿನ ಪ್ರಯಾಣಕ್ಕೆ 250 ಯೂರೋ. ಅದನ್ನು ಮೀರಿದ, ಒಕ್ಕೂಟದೊಳಗಿನ ಪ್ರಯಾಣಕ್ಕೆ 400 ಯೂರೋ. ರೋಮ್‌ನಿಂದ ಬ್ರಸೆಲ್ಸ್‌ಗೆ 1,173 ಕಿ.ಮೀ., ಬ್ರಸೆಲ್ಸ್‌ನಿಂದ ಹ್ಯಾಂಬರ್ಗ್‌ಗೆ 483 ಕಿ.ಮೀ.; ಕೂಡಿದರೆ 1,656. ಆದರೆ ರೋಮ್‌ನಿಂದ ಹ್ಯಾಂಬರ್ಗ್‌ಗೆ ನೇರ ಗೆರೆ ಎಳೆದರೆ 1,326 ಮಾತ್ರ. ಹಾರಿದ ದೂರವನ್ನು ಲೆಕ್ಕಕ್ಕೆ ಹಿಡಿದರೆ 400 ಯೂರೋ, ಗೆರೆಯ ದೂರವನ್ನು ಹಿಡಿದರೆ 250. ಸೆಪ್ಟೆಂಬರ್ 7ರಂದು ಬಂದ ತೀರ್ಪು ಗೆರೆಯ ಪರವಾಗಿತ್ತು. ಹೊರಟ ಸ್ಥಳಕ್ಕೂ ಕೊನೆಯದಾಗಿ ಸೇರಿದ ಸ್ಥಳಕ್ಕೂ ನಡುವಣ ನೇರ ದೂರವೇ ಗಣನೆಗೆ ಬರತಕ್ಕದ್ದು, ನಡುವೆ ಪ್ರಯಾಣಿಕ ಎಷ್ಟು ಸುತ್ತಿದನೆಂಬುದು ಮುಖ್ಯವಲ್ಲ ಎಂದು ನ್ಯಾಯಾಲಯ ಹೇಳಿತು.

ಪೆನ್ನಾರ್ ನದಿಯ ದಡದ ನಮಗೆ ರೋಮ್‌ನ ಗೊಡವೆ ಏತಕ್ಕೆಂದು ಓದುಗರು ಕೇಳಬಹುದು. ಕೇಳಬೇಕಾದ ಮಾತೇ ಅದು. ರೊದ್ದಂ, ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳ ಗಡಿ ಸೀಮೆಯಲ್ಲಿ ಬದುಕುವವರ ಪಾಲಿಗೆ ದೂರವೆಂಬುದು ಭೂಗೋಳದ ಪಾಠವಾಗಿ ಉಳಿದಿಲ್ಲ. ಯಾವ ನ್ಯಾಯಾಲಯಕ್ಕೆ ಹೋಗಬೇಕು, ಎಷ್ಟು ರಾತ್ರಿ ಮನೆಯಿಂದ ಹೊರಗಿರಬೇಕು, ಎಷ್ಟು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಆದುದರಿಂದ ವಿಮಾನ ದೂರವನ್ನು ಹೇಗೆ ಅಳೆಯುತ್ತದೆ, ಕಾನೂನು ಹೇಗೆ ಅಳೆಯುತ್ತದೆ, ನಡೆಯುವ ಮನುಷ್ಯ ಹೇಗೆ ಅಳೆಯುತ್ತಾನೆ ಎಂಬ ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದು ನಮಗೆ ಅಗತ್ಯ.

ಆಕಾಶದ ಅಳತೆ

ಭೂಮಿ ಗುಂಡಗಿರುವುದರಿಂದ ಎರಡು ಊರುಗಳ ನಡುವಣ ಅತ್ಯಂತ ಹತ್ತಿರದ ದಾರಿ ಗೋಡೆಯ ನಕಾಶೆಯ ಮೇಲೆ ಎಳೆದ ನೇರ ಗೆರೆಯಾಗಿರುವುದಿಲ್ಲ. ಭೂಗೋಳದ ಮಾದರಿಯೊಂದನ್ನು ತೆಗೆದುಕೊಂಡು, ಎರಡು ಊರುಗಳ ಮೇಲೆ ಬೆರಳಿಟ್ಟು, ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಹಿಡಿಯುವ ದಾರಿಯೇ ಮಹಾವೃತ್ತದ ದಾರಿ. ಯುರೋಪಿನ ನಿಯಮಾವಳಿಯೂ ದೂರವನ್ನು ಈ ಕ್ರಮದಿಂದಲೇ ಅಳೆಯಬೇಕೆಂದು ಸ್ಪಷ್ಟವಾಗಿ ವಿಧಿಸಿದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ಹಾರಿಬಂದಾಗ ಅನೇಕರು ಬೆರಗಾದರು. ನಕಾಶೆಯಲ್ಲಿ ಅದು ಊರು ಸುತ್ತುವ ದಾರಿಯಂತೆ ಕಂಡರೂ, ಸುಮಾರು 14,000 ಕಿ.ಮೀ. ಅಂತರದ ಆ ಎರಡು ನಗರಗಳ ನಡುವೆ ದಾರ ಎಳೆದು ನೋಡಿದವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಆದರೆ ದೂರ ಗೊತ್ತಾದ ಮಾತ್ರಕ್ಕೆ ಕಾಲ ಗೊತ್ತಾಗುವುದಿಲ್ಲ. ಜೆಟ್ ವಿಮಾನ ಎತ್ತರಕ್ಕೇರಿದ ಮೇಲೆ ಗಂಟೆಗೆ 800ರಿಂದ 850 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಆ ಲೆಕ್ಕದಲ್ಲಿ ರೋಮ್–ಹ್ಯಾಂಬರ್ಗ್ ದಾರಿ ಒಂದೂವರೆ ಗಂಟೆಗಿಂತ ತುಸು ಹೆಚ್ಚಿನದು. ವೇಳಾಪಟ್ಟಿಯಲ್ಲಿ ಮಾತ್ರ ಎರಡು ಗಂಟೆಯ ಮೇಲೆ ಬರೆದಿರುತ್ತದೆ. ವಿಮಾನ ನಿಂತ ಜಾಗವನ್ನು ಬಿಟ್ಟಂದಿನಿಂದ ಇನ್ನೊಂದು ನಿಲ್ದಾಣದಲ್ಲಿ ಪೂರ್ತಿಯಾಗಿ ನಿಲ್ಲುವವರೆಗಿನ ಕಾಲವನ್ನು ‘ಬ್ಲಾಕ್ ಟೈಮ್’ ಎನ್ನುತ್ತಾರೆ. ಓಡುದಾರಿಯವರೆಗೆ ತೆವಳುವುದು, ಸರದಿಗಾಗಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುನ್ನ ಸುತ್ತುವುದು ಎಲ್ಲವೂ ಅದರಲ್ಲಿ ಸೇರಿವೆ. ದಾರಿ ಚಿಕ್ಕದಾದಷ್ಟೂ ಈ ಹೆಚ್ಚುವರಿಯ ಪಾಲು ದೊಡ್ಡದು. ಲಂಡನ್ನಿಗೂ ಪ್ಯಾರಿಸ್ಸಿಗೂ ನಡುವೆ ನೇರ ದೂರ ಸುಮಾರು 344 ಕಿ.ಮೀ.; ವಿಮಾನದ ವೇಳಾಪಟ್ಟಿ ಒಂದೂಕಾಲು ಗಂಟೆಯ ಆಸುಪಾಸು. ಸಮುದ್ರದಡಿಯ ಸುರಂಗದ ಮೂಲಕ ಓಡುವ ಯೂರೋಸ್ಟಾರ್ ರೈಲು ಎರಡೂಕಾಲು ಗಂಟೆಯಲ್ಲಿ ಊರ ನಡುವಿನಿಂದ ಊರ ನಡುವಿಗೆ ತಲುಪಿಸುತ್ತದೆ. ನಿಲ್ದಾಣಕ್ಕೆ ಹೋಗಿ ಬರುವ ಹೊತ್ತು, ತಪಾಸಣೆಯ ಹೊತ್ತುಗಳನ್ನು ಕೂಡಿಸಿದವರು ಅಲ್ಲಿ ರೈಲನ್ನೇ ಆರಿಸಿಕೊಳ್ಳುವುದು ಸಹಜ.

ಗಾಳಿಗೂ ಇಲ್ಲಿ ಪಾಲಿದೆ. ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನ ಸುಮಾರು 13,900 ಕಿ.ಮೀ. ಹಾರುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದಾಗ ದಾರಿ 15,300 ಕಿ.ಮೀ.ಗೆ ಬೆಳೆಯಿತು, ಆದರೂ ಬೆನ್ನಗಾಳಿಯ ಬಲದಿಂದ ಪ್ರಯಾಣದ ಅವಧಿ ಎರಡು ಗಂಟೆಯಷ್ಟು ಕುಗ್ಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ರಾಜಕೀಯಕ್ಕೂ ಪಾಲಿದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿಹೋಯಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಪ್ರಯಾಣ ಹದಿಮೂರು ಗಂಟೆಗೆ ಏರಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ದಿಲ್ಲಿಯಿಂದ ಯುರೋಪಿಗೆ ಹೋಗುವವರ ದಾರಿಯೂ ಹೀಗೆಯೇ ಬೆಳೆಯಿತು. ಊರುಗಳು ಇದ್ದಲ್ಲೇ ಇದ್ದವು, ಗೆರೆಯೂ ಇದ್ದಂತೆಯೇ ಇತ್ತು. ನಡುವೆ ಗಡಿಯೊಂದು ಬಿಗಿಯಾದ ಕಾರಣ ಜನರ ಹೊತ್ತು ಹೋಯಿತು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಯುರೋಪಿನ ಹಾಗೆ ಕಿಲೋಮೀಟರನ್ನು ಹಿಡಿಯದೆ ಗಂಟೆಯನ್ನು ಹಿಡಿದಿರುವುದು ಗಮನಾರ್ಹ. ಮುನ್ಸೂಚನೆಯಿಲ್ಲದೆ ವಿಮಾನವನ್ನು ರದ್ದುಮಾಡಿದರೆ, ಬ್ಲಾಕ್ ಟೈಮ್ ಒಂದು ಗಂಟೆಯೊಳಗಿನದಾದರೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದನ್ನು ಮೀರಿದರೆ 10,000. ಅಥವಾ ಮೂಲ ದರಕ್ಕೆ ಇಂಧನ ಶುಲ್ಕ ಕೂಡಿಸಿದ ಮೊತ್ತ. ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೊತ್ತ ಚಿಕ್ಕದೆಂದು ದೂರಬಹುದು. ತತ್ತ್ವ ಮಾತ್ರ ಸರಿಯಾದುದು. ಪ್ರಯಾಣಿಕ ಕಳೆದುಕೊಳ್ಳುವುದು ಹೊತ್ತನ್ನು, ಆದುದರಿಂದ ಅಳೆಯಬೇಕಾದುದೂ ಹೊತ್ತನ್ನೇ.

ಕಾನೂನಿನ ಗೆರೆ

ವಿಮಾನದ ವಿಷಯದಲ್ಲಿ ಹೊತ್ತನ್ನು ಹಿಡಿದ ನಮ್ಮ ದೇಶ ನೆಲದ ವಿಷಯದಲ್ಲಿ ಗೆರೆಯನ್ನೇ ಹಿಡಿದಿದೆ. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 11ನೆಯ ಪ್ರಕರಣ ಚಿಕ್ಕದು. ಕೇಂದ್ರದ ಯಾವುದೇ ಅಧಿನಿಯಮಕ್ಕಾಗಿ ದೂರವನ್ನು ಅಳೆಯುವಾಗ, ಬೇರೆ ಉದ್ದೇಶ ಕಂಡುಬರದ ಹೊರತು, ಅದನ್ನು ಸಮತಲದ ಮೇಲೆ ಸರಳರೇಖೆಯಲ್ಲಿ ಅಳೆಯತಕ್ಕದ್ದು ಎಂಬುದು ಅದರ ತಾತ್ಪರ್ಯ. ಬೆಟ್ಟ, ಹಳ್ಳ, ಕಾಲುದಾರಿ, ಬಸ್ಸಿನ ದಾರಿ ಯಾವುದೂ ಲೆಕ್ಕಕ್ಕಿಲ್ಲ. ಕಾಗೆ ಹಾರಿದಷ್ಟೇ ದೂರ. ಖಚಿತತೆಯ ದೃಷ್ಟಿಯಿಂದ ಇದು ಒಳ್ಳೆಯ ನಿಯಮವೇ. ರಸ್ತೆ ಬದಲಾಗುತ್ತದೆ, ಸೇತುವೆ ಕೊಚ್ಚಿಹೋಗುತ್ತದೆ, ಗೆರೆ ಬದಲಾಗುವುದಿಲ್ಲ. ಆದರೆ ಗೆರೆಗೆ ಬಸ್ಸು ತಪ್ಪುವುದೂ ಇಲ್ಲ.

ಈ ಗೆರೆ ಸಾಮಾನ್ಯ ಮನುಷ್ಯನನ್ನು ನೇರವಾಗಿ ಮುಟ್ಟುವ ಜಾಗ ಒಂದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಆದೇಶದ 19ನೆಯ ನಿಯಮ ಸಾಕ್ಷಿಯನ್ನು ಎಷ್ಟು ದೂರದಿಂದ ಕರೆಸಬಹುದೆಂದು ಹೇಳುತ್ತದೆ. ನ್ಯಾಯಾಲಯದ ವ್ಯಾಪ್ತಿಯ ಹೊರಗೆ ವಾಸಿಸುವ ಸಾಕ್ಷಿ 100 ಕಿ.ಮೀ.ಗಿಂತ ಕಡಿಮೆ ದೂರದಲ್ಲಿದ್ದರೆ ಮಾತ್ರ ಖುದ್ದಾಗಿ ಬರಬೇಕೆಂದು ಆಜ್ಞಾಪಿಸಬಹುದು. ದಾರಿಯ ಆರರಲ್ಲಿ ಐದು ಪಾಲಿಗೆ ರೈಲು ಅಥವಾ ಬೇರೆ ನಿಯತ ಸಾರ್ವಜನಿಕ ವಾಹನವಿದ್ದರೆ ಈ ಮಿತಿ 500 ಕಿ.ಮೀ. ಮೊದಲು 50 ಮತ್ತು 200 ಮೈಲಿಗಳಿದ್ದ ಈ ಅಂಕೆಗಳನ್ನು 1976ರ ತಿದ್ದುಪಡಿ ಬದಲಿಸಿತು. ಅದೇ ತಿದ್ದುಪಡಿ ಇನ್ನೊಂದು ಪರಂತುಕವನ್ನೂ ಸೇರಿಸಿತು: ಎರಡು ಸ್ಥಳಗಳ ನಡುವೆ ವಿಮಾನ ಸೌಕರ್ಯವಿದ್ದು, ಸಾಕ್ಷಿಗೆ ವಿಮಾನದ ದರವನ್ನು ಕೊಟ್ಟರೆ, ದೂರ ಎಷ್ಟಿದ್ದರೂ ಅವನನ್ನು ಖುದ್ದಾಗಿ ಕರೆಸಬಹುದು. ಹೀಗೆ ವಿಮಾನವು ನಮ್ಮ ಸಿವಿಲ್ ನ್ಯಾಯಾಲಯಗಳ ಕಟಕಟೆಯನ್ನು ಐವತ್ತು ವರ್ಷಗಳ ಹಿಂದೆಯೇ ಪ್ರವೇಶಿಸಿದೆ.

ಈಗ ಇದನ್ನು ರೊದ್ದಂಗೆ ಅನ್ವಯಿಸಿ ನೋಡೋಣ. ಅಕ್ಷಾಂಶ ರೇಖಾಂಶಗಳನ್ನು ಹಿಡಿದು ನಾನು ಹಾಕಿದ ಲೆಕ್ಕದಲ್ಲಿ ರೊದ್ದಂನಿಂದ ಬೆಂಗಳೂರಿಗೆ ನೇರ ದೂರ ಸುಮಾರು 125 ಕಿ.ಮೀ. ಬಸ್ಸೂ ರೈಲೂ ಇರುವುದರಿಂದ ಬೆಂಗಳೂರಿನ ಸಿವಿಲ್ ನ್ಯಾಯಾಲಯ, ಪರರಾಜ್ಯದ್ದಾದರೂ, ರೊದ್ದಂನ ಸಾಕ್ಷಿಯನ್ನು ಕರೆಸಬಲ್ಲುದು. ವಿಶಾಖಪಟ್ಟಣವಾದರೋ ನಮ್ಮದೇ ರಾಜ್ಯದ ಊರು. ನೇರ ದೂರ ಸುಮಾರು 735 ಕಿ.ಮೀ. ಅಲ್ಲಿಯ ನ್ಯಾಯಾಲಯ ವಿಮಾನದ ದರವನ್ನು ಕೊಡಿಸದೆ ರೊದ್ದಂನವನನ್ನು ಬಲವಂತವಾಗಿ ಕರೆಸುವಂತಿಲ್ಲ. ಕಮಿಷನ್ ನೇಮಿಸಿ ಸಾಕ್ಷ್ಯ ಪಡೆಯಬೇಕು. ದರ ಕೊಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ರೊದ್ದಂನಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಬೇಕಾದುದು ಕರ್ನಾಟಕದ ದೇವನಹಳ್ಳಿಯಲ್ಲಿ. ಹಾಗಿರುವಾಗ ‘ಎರಡು ಸ್ಥಳಗಳ ನಡುವೆ ವಿಮಾನ ಸೌಕರ್ಯವಿದೆ’ ಎನ್ನಬಹುದೇ? ವಾದಿಸಲು ಎರಡು ಕಡೆಗೂ ಅವಕಾಶವಿದೆ. ಅದೇನೇ ಇರಲಿ, ಕಾನೂನಿನ ಕಣ್ಣಿಗೇ ಪರರಾಜ್ಯದ ಊರು ಹತ್ತಿರ, ಸ್ವರಾಜ್ಯದ ಊರು ದೂರ ಎಂಬುದು ಈ ಒಂದು ನಿಯಮದಿಂದಲೇ ಸಿದ್ಧವಾಗುತ್ತದೆ.

ಹದಿನಾರು ಕಿಲೋಮೀಟರಿನ ಅಂತರ

ರೊದ್ದಂನಿಂದ ಪಶ್ಚಿಮಕ್ಕೆ ನೇರವಾಗಿ 16 ಕಿ.ಮೀ. ಹೋದರೆ ಪಾವಗಡ. ಮಳೆ ಒಂದೇ, ಮಣ್ಣು ಒಂದೇ, ಬೆಳೆಯುವ ಕಡಲೆಕಾಯಿ ಒಂದೇ. ಬಂಧುತ್ವಗಳು ಗಡಿಯ ಎರಡೂ ಕಡೆಗೆ ಹಬ್ಬಿವೆ. ಪಾವಗಡ ತುಮಕೂರು ಜಿಲ್ಲೆಗೆ ಸೇರಿದೆ. ಆ ತಾಲೂಕಿನ ಕಕ್ಷಿದಾರನ ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾದರೆ ಅವನು ಬೆಂಗಳೂರಿಗೆ ಹೋಗುತ್ತಾನೆ. ನೇರ ದೂರ ಸುಮಾರು 130 ಕಿ.ಮೀ. ಬೆಳಗಿನ ಬಸ್ಸಿಗೆ ಹೊರಟು ವಕೀಲರನ್ನು ಕಂಡು ರಾತ್ರಿ ಊಟಕ್ಕೆ ಮನೆಗೆ ಮರಳಬಹುದು. ರೊದ್ದಂನ ಕಕ್ಷಿದಾರನಿಗೆ ಬೆಂಗಳೂರು ಇನ್ನೂ ಐದು ಕಿಲೋಮೀಟರು ಹತ್ತಿರ. ಆದರೆ ಅವನು ಹೋಗಬೇಕಾದುದು ಅಮರಾವತಿಯ ನೇಲಪಾಡಿಗೆ. ನೇರ ದೂರವೇ ಸುಮಾರು 425 ಕಿ.ಮೀ. ರಸ್ತೆಯಲ್ಲಿ ಐನೂರನ್ನು ಮೀರುತ್ತದೆ. ಹಿಂದೂಪುರದಲ್ಲಿ ರೈಲು ಹಿಡಿದು ಧರ್ಮಾವರ, ಗುಂತಕಲ್ಲು, ನಂದ್ಯಾಲಗಳನ್ನು ದಾಟಿ ರಾತ್ರಿಯಿಡೀ ಕುಳಿತು ಹೋದರೆ ಮರುದಿನ ಗುಂಟೂರು. ಒಂದು ದಿನದ ವಿಚಾರಣೆಗೆ ಎರಡು ರಾತ್ರಿ ದಾರಿಯಲ್ಲಿ ಕಳೆಯಬೇಕು; ಅಂದು ಮೊಕದ್ದಮೆ ಮುಂದಕ್ಕೆ ಹೋದರೆ ಮತ್ತೆ ಎರಡು ರಾತ್ರಿ.

ದುಡ್ಡಿದ್ದವರು ವಿಮಾನದಲ್ಲಿ ಹೋಗಬಹುದಲ್ಲವೇ? ಹೋಗಬಹುದು. ಪೆನುಕೊಂಡೆಯ ಬಳಿ 44ನೆಯ ಹೆದ್ದಾರಿಯನ್ನು ಹಿಡಿದು, ಬಾಗೇಪಲ್ಲಿಯ ಮೇಲೆ ದೇವನಹಳ್ಳಿಗೆ ಬಂದು, 2008ರಿಂದ ಅಲ್ಲಿರುವ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ವಿಜಯವಾಡದ ವಿಮಾನವನ್ನೇರಬೇಕು. ಗೆರೆಯ ಲೆಕ್ಕದಲ್ಲೇ ದಕ್ಷಿಣಕ್ಕೆ ಸುಮಾರು 105 ಕಿ.ಮೀ., ಅಲ್ಲಿಂದ ಈಶಾನ್ಯಕ್ಕೆ ಗನ್ನವರದವರೆಗೆ ಸುಮಾರು 495, ಮತ್ತೆ ಪಶ್ಚಿಮಕ್ಕೆ ನೇಲಪಾಡಿಗೆ 33, ಕೂಡಿದರೆ 633. ರೋಮ್‌ನ ಪ್ರಯಾಣಿಕರು ಬ್ರಸೆಲ್ಸ್‌ನ ಕಾರಣದಿಂದ ನೇರ ದಾರಿಗಿಂತ ಕಾಲು ಭಾಗ ಹೆಚ್ಚು ಸುತ್ತಿದ್ದರು. ರೊದ್ದಂನವನು ತನ್ನ ರಾಜ್ಯದ ಉಚ್ಚ ನ್ಯಾಯಾಲಯಕ್ಕೆ ಹೋಗಲು, ಇನ್ನೊಂದು ರಾಜ್ಯಕ್ಕೆ ಮೊದಲು ಹೋಗಿ, ಅರ್ಧ ಭಾಗ ಹೆಚ್ಚು ಸುತ್ತುತ್ತಾನೆ. ಆಕಾಶದಲ್ಲಿ ಇರುವುದು ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ದೇವನಹಳ್ಳಿಯವರೆಗಿನ ದಾರಿ, ಎರಡು ಗಂಟೆ ಮೊದಲೇ ಹಾಜರಿರಬೇಕಾದ ಕಟ್ಟಳೆ, ಇಳಿದ ಮೇಲಿನ ರಸ್ತೆ ಎಲ್ಲವನ್ನೂ ಕೂಡಿಸಿದರೆ ಏಳು ಗಂಟೆಗೆ ಕಡಿಮೆಯಾಗದು.

ಜಾಗ ಬದಲಿಸಿದ ನ್ಯಾಯಾಲಯ

ಈ ದೂರ ನಮ್ಮ ಹಿರಿಯರ ಕಾಲದಲ್ಲಿ ಹೀಗಿರಲಿಲ್ಲ. ಬಳ್ಳಾರಿ ಜಿಲ್ಲೆಯಿಂದ 1882ರಲ್ಲಿ ಅನಂತಪುರ ಜಿಲ್ಲೆಯನ್ನು ಬೇರ್ಪಡಿಸಿದಾಗ ಎರಡಕ್ಕೂ ಉಚ್ಚ ನ್ಯಾಯಾಲಯ ಮದರಾಸಿನಲ್ಲಿತ್ತು; ರೊದ್ದಂನಿಂದ ನೇರ ದೂರ ಸುಮಾರು 330 ಕಿ.ಮೀ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಬಳ್ಳಾರಿ ಮೈಸೂರಿನ ಕಡೆಗೆ ಹೋಯಿತು, ನಾವು ಇತ್ತ ಉಳಿದೆವು. ಕರ್ನೂಲು ರಾಜಧಾನಿಯಾಯಿತು. ಉಚ್ಚ ನ್ಯಾಯಾಲಯ 1954ರಲ್ಲಿ ಗುಂಟೂರಿನಲ್ಲಿ ನೆಲೆಗೊಂಡಿತು: 405 ಕಿ.ಮೀ. 1956ರಲ್ಲಿ ಹೈದರಾಬಾದಿಗೆ ಹೋಯಿತು: 380. 2019ರ ಜನವರಿ 1ರಿಂದ ಅಮರಾವತಿಗೆ: 425. ಎಲ್ಲೂ ಕದಲದೆ ನಿಂತಲ್ಲೇ ನಿಂತ ರೈತನೊಬ್ಬನಿಂದ ಅವನ ಉಚ್ಚ ನ್ಯಾಯಾಲಯ ಮೂರು ಬಾರಿ ಜಾಗ ಬದಲಿಸಿ, ಕೊನೆಗೆ ಎಲ್ಲಕ್ಕಿಂತ ದೂರದ ಜಾಗದಲ್ಲಿ ಕುಳಿತಿದೆ.

ರಾಯಲಸೀಮೆಯ ಹಿರಿಯರು ಇದನ್ನು ಮೊದಲೇ ಊಹಿಸಿದ್ದರು. 1937ರ ನವೆಂಬರ್ 16ರಂದು ಮದರಾಸಿನಲ್ಲಿ ಕಾಶೀನಾಥುನಿ ನಾಗೇಶ್ವರರಾಯರ ‘ಶ್ರೀಬಾಗ್’ ಎಂಬ ಮನೆಯಲ್ಲಿ ಕರಾವಳಿಯ ಹಾಗೂ ರಾಯಲಸೀಮೆಯ ನಾಯಕರು ಸೇರಿ ಮಾಡಿಕೊಂಡ ಒಡಂಬಡಿಕೆಯಲ್ಲಿ, ರಾಜಧಾನಿ ಮತ್ತು ಉಚ್ಚ ನ್ಯಾಯಾಲಯ ಎರಡೂ ಒಂದೇ ಕಡೆಗೆ ಹೋಗಬಾರದು, ಬೇರೆ ಬೇರೆ ಸೀಮೆಗಳಲ್ಲಿ ಇರಬೇಕು ಎಂಬ ಷರತ್ತಿತ್ತು. ಕರ್ನೂಲನ್ನು ನ್ಯಾಯ ರಾಜಧಾನಿಯನ್ನಾಗಿ ಮಾಡುವ 2020ರ ಕಾನೂನು 2021ರಲ್ಲಿ ಹಿಂದಕ್ಕೆ ಹೋಯಿತು. ಕರ್ನೂಲಿನಲ್ಲಿ ಉಚ್ಚ ನ್ಯಾಯಾಲಯದ ಪೀಠ ಬೇಕೆಂದು ವಿಧಾನಸಭೆ 2024ರ ನವೆಂಬರಿನಲ್ಲಿ ನಿರ್ಣಯ ಅಂಗೀಕರಿಸಿತು. ರೊದ್ದಂನಿಂದ ಕರ್ನೂಲಿಗೆ ನೇರ ದೂರ ಸುಮಾರು 200 ಕಿ.ಮೀ.; ಅಮರಾವತಿಯ ಅರ್ಧಕ್ಕಿಂತ ಕಡಿಮೆ.

ದೂರ ಕುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನೆರೆಯಲ್ಲೇ ಇದೆ. ಬೀದರಿನ ಕಕ್ಷಿದಾರ ರಸ್ತೆಯಲ್ಲಿ ಆರುನೂರು ಕಿ.ಮೀ. ಮೀರಿದ ಬೆಂಗಳೂರಿಗೆ ಬರಬೇಕಾಗಿದ್ದ ಕಾಲವೊಂದಿತ್ತು. ಉತ್ತರ ಕರ್ನಾಟಕದ ವಕೀಲರೂ ಜನರೂ ದೀರ್ಘಕಾಲ ಹೋರಾಡಿದ ಮೇಲೆ 2008ರ ಜುಲೈಯಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರ ಆಗಸ್ಟಿನಲ್ಲಿ ಅವು ಕಾಯಂ ಆದವು. ನಮ್ಮಲ್ಲೂ ಚಿಕ್ಕ ಉದಾಹರಣೆ ಇದೆ. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆಯಾದಾಗ ರೊದ್ದಂನವರ ಜಿಲ್ಲಾ ಕೇಂದ್ರ ಅನಂತಪುರದಿಂದ ಪುಟ್ಟಪರ್ತಿಗೆ ಬಂದು, ನೇರ ದೂರ 67 ಕಿ.ಮೀ.ನಿಂದ 42ಕ್ಕೆ ಇಳಿಯಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಆಡಳಿತ ಮನಸ್ಸು ಮಾಡಿದರೆ ದೂರವನ್ನು ಕುಗ್ಗಿಸಬಹುದು ಎಂಬುದಕ್ಕೆ ಇಷ್ಟು ಸಾಕು.

ರೊದ್ದಂನ ಹೆಸರು ಮತ್ತು ವಿಮಾನ

ವಿಮಾನಲೋಕಕ್ಕೆ ರೊದ್ದಂ ಎಂಬ ಹೆಸರು ಅಪರಿಚಿತವಲ್ಲ. ಪೂರ್ವಿಕರ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ರೊದ್ದಂ ನರಸಿಂಹ ಅವರು 1933ರಲ್ಲಿ ಜನಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಬಳಿ ಕಲಿತು, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು, ಗಾಳಿಯ ಹರಿವಿನ ಅಧ್ಯಯನದಲ್ಲಿ ಜಗತ್ತಿನ ದೊಡ್ಡ ವಿದ್ವಾಂಸರಲ್ಲಿ ಒಬ್ಬರೆನಿಸಿದರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಮೊದಲ ತಲೆಮಾರಿನವರು. ಮಗನಿಗೆ 2013ರಲ್ಲಿ ಪದ್ಮವಿಭೂಷಣ ಬಂದಿತು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ನರಸಿಂಹ ಅವರು 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗಲೇ ಲಘು ಸಾರಿಗೆ ವಿಮಾನವೊಂದರ ಸಾಧ್ಯತೆಯ ಅಧ್ಯಯನ ಅಲ್ಲಿ ನಡೆಯಿತು. ಮುಂದೆ ‘ಸರಸ್’ ಎಂಬ ಹೆಸರು ಪಡೆದ ಅದು ಹದಿನಾಲ್ಕು ಜನರನ್ನು ಹೊತ್ತು ಚಿಕ್ಕ ಊರುಗಳ ನಡುವೆ ಹಾರಬೇಕಾಗಿದ್ದ ವಿಮಾನ. 2004ರಲ್ಲಿ ಮೊದಲು ಹಾರಿತು. 2009ರಲ್ಲಿ ಬಿಡದಿಯ ಬಳಿ ನಡೆದ ಅಪಘಾತದಲ್ಲಿ ಅದರ ಎರಡನೆಯ ಮಾದರಿ ಬಿದ್ದು ಮೂವರು ತೀರಿಕೊಂಡರು. ಪ್ರಯಾಣಿಕರ ಸೇವೆಗೆ ಅದು ಇನ್ನೂ ಬಂದಿಲ್ಲ. ರೊದ್ದಂನಿಂದ ಗೆರೆಯ ಲೆಕ್ಕದಲ್ಲಿ 42 ಕಿ.ಮೀ. ದೂರದ ಪುಟ್ಟಪರ್ತಿಯಲ್ಲಿ 1990ರಿಂದ ಓಡುದಾರಿಯೊಂದು ಇದೆ. ನಿಯತ ಪ್ರಯಾಣಿಕ ಸಂಚಾರವಿಲ್ಲ. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಆಸುಪಾಸಿನ ಮಿತದರವನ್ನು ಗುರಿಯಾಗಿಟ್ಟುಕೊಂಡು ಉಡಾನ್ ಯೋಜನೆ ಹೊರಟಿದ್ದು ಇಂಥ ಓಡುದಾರಿಗಳಿಗಾಗಿಯೇ. ಪುಟ್ಟಪರ್ತಿಯಿಂದ ವಿಜಯವಾಡಕ್ಕೆ ಚಿಕ್ಕ ವಿಮಾನವೊಂದು ಹಾರಿದರೆ ನಮ್ಮ ಸೀಮೆಯ ದೂರದ ಲೆಕ್ಕವೇ ಬದಲಾಗುತ್ತದೆ. ಆದರೆ ಮೇಲ್ಮನವಿ ಹಾಕುವ ಬಡವನಿಗೆ ಆ ದರವೂ ಭಾರವೇ ಎಂಬುದನ್ನು ಮರೆಯಲಾಗದು. ಆದುದರಿಂದ ವಿಮಾನ ಬರುವವರೆಗೆ ಕಾಯುವ ಬದಲು ನ್ಯಾಯಾಲಯವೇ ಹತ್ತಿರ ಬರಬೇಕೆಂದು ಕೇಳುವುದು ಹೆಚ್ಚು ಯುಕ್ತ.

ಹೊತ್ತನ್ನು ಬಲ್ಲ ಕಾನೂನು

ಕಾನೂನಿಗೆ ಪ್ರಯಾಣದ ಹೊತ್ತು ಗೊತ್ತೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಸಂವಿಧಾನದ 22ನೆಯ ಅನುಚ್ಛೇದದ ಎರಡನೆಯ ಖಂಡ, ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಹೇಳುವಾಗ, ಬಂಧನದ ಸ್ಥಳದಿಂದ ನ್ಯಾಯಾಲಯಕ್ಕೆ ಪ್ರಯಾಣಿಸಲು ಅಗತ್ಯವಾದ ಕಾಲವನ್ನು ಬಿಟ್ಟು ಎಂಬ ಮಾತನ್ನು ಸೇರಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೆಯ ಪ್ರಕರಣದಲ್ಲೂ ಇದೇ ಇದೆ. ಇಲ್ಲಿ ಕಾನೂನು ಗೆರೆಯನ್ನು ಬಿಟ್ಟು ಹೊತ್ತನ್ನು ಹಿಡಿದಿದೆ. ಹಿಡಿದಿರುವುದು ಪೊಲೀಸರ ಅನುಕೂಲಕ್ಕಾಗಿ ಎನ್ನಬಹುದು. ಹಾಗಿದ್ದರೂ ದಾರಿಯ ಹೊತ್ತು ನಿಜವಾದ ಹೊತ್ತೆಂದು ಸಂವಿಧಾನವೇ ಒಪ್ಪಿದಂತಾಯಿತು. ಪೊಲೀಸರ ದಾರಿಗೆ ಕೊಟ್ಟ ಮಾನ್ಯತೆಯನ್ನು ಕಕ್ಷಿದಾರನ ದಾರಿಗೂ ಕೊಡಿ ಎಂದು ಕೇಳುವುದು ಅತಿಯಾಸೆಯಾಗಲಾರದು.

ದೂರದರ್ಶಕ ವಿಚಾರಣೆ ಬಂದ ಮೇಲೆ ಈ ಚರ್ಚೆಯೇ ಹಳತಾಯಿತೆಂದು ಕೆಲವರು ಹೇಳುತ್ತಾರೆ. ವಿಡಿಯೋ ಮೂಲಕ ಸಾಕ್ಷ್ಯ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲೇ, ಸಾಕ್ಷಿ ಅಮೆರಿಕದಲ್ಲಿದ್ದ ಮೊಕದ್ದಮೆಯೊಂದರಲ್ಲಿ, ಹೇಳಿದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಅದು ದೇಶದಾದ್ಯಂತ ರೂಢಿಗೆ ಬಂದಿತು. ಇದು ದೊಡ್ಡ ಅನುಕೂಲ. ಆದರೆ ತೆರೆಯ ಮೇಲೆ ಮಾತನಾಡುವವರು ವಕೀಲರು. ತನ್ನ ಭೂಮಿಯ ಕಥೆಯನ್ನು ಕನ್ನಡದಲ್ಲಿ ಹೇಳಬೇಕಾದ ಕಕ್ಷಿದಾರ ತನ್ನ ವಕೀಲರ ಎದುರು ಕುಳಿತು, ಕಾಗದಗಳನ್ನು ಒಂದೊಂದಾಗಿ ತೋರಿಸಿ, ಸಂಶಯ ಬಂದಲ್ಲಿ ಮತ್ತೆ ಕೇಳಬೇಕು. ಕನ್ನಡದಲ್ಲಿ ಬರೆದ ಹಳೆಯ ವಿಭಾಗಪತ್ರ ತೆಲುಗಿಗೋ ಇಂಗ್ಲಿಷಿಗೋ ಭಾಷಾಂತರವಾಗಿ ಅಲ್ಲಿಗೆ ಹೋಗಬೇಕು. ಗಡಿನಾಡಿನ ಕನ್ನಡಿಗನಿಗೆ ಕಿಲೋಮೀಟರುಗಳ ದೂರದ ಮೇಲೆ ಭಾಷೆಯ ದೂರವೂ ಸೇರುತ್ತದೆ. ಕರ್ನೂಲಿನಲ್ಲಿ ಪೀಠವಾದರೆ ಹಿಂದೂಪುರ, ಅನಂತಪುರಗಳ ಕನ್ನಡ ಬಲ್ಲ ವಕೀಲರು ಅಲ್ಲಿಗೆ ಹೋಗಿ ವಾದಿಸುವುದು ಸುಲಭವಾಗುತ್ತದೆ.

ಕೊನೆಯಲ್ಲಿ ಓದುಗರ ಉಪಯೋಗಕ್ಕೆ ಎರಡು ಮಾತು. ಸಿವಿಲ್ ಮೊಕದ್ದಮೆಯಲ್ಲಿ ಸಾಕ್ಷಿಯಾಗಿ ಸಮನ್ಸ್ ಬಂದರೆ ದಾರಿಯ ಖರ್ಚು ಮತ್ತು ಬತ್ತೆಯನ್ನು ಕೇಳುವುದು ನಿಮ್ಮ ಹಕ್ಕು. ಸಮನ್ಸ್ ಮಾಡಿಸಿದ ಪಕ್ಷ ಆ ಹಣವನ್ನು ಮೊದಲೇ ನ್ಯಾಯಾಲಯದಲ್ಲಿ ಕಟ್ಟಬೇಕೆಂದು 16ನೆಯ ಆದೇಶವೇ ಹೇಳುತ್ತದೆ. ದೂರ 500 ಕಿ.ಮೀ. ಮೀರಿದ್ದರೆ, ವಯಸ್ಸಾಗಿದ್ದರೆ, ಕಾಯಿಲೆಯಿದ್ದರೆ, ಕಮಿಷನ್ ಮೂಲಕವೋ ವಿಡಿಯೋ ಮೂಲಕವೋ ಸಾಕ್ಷ್ಯ ಪಡೆಯಿರಿ ಎಂದು ಅರ್ಜಿ ಕೊಡಬಹುದು.

ಎರಡನೆಯದು ನಮ್ಮ ಸಂಘಸಂಸ್ಥೆಗಳಿಗೆ. ಪೀಠಕ್ಕಾಗಿ ಮನವಿ ಬರೆಯುವಾಗ ‘ಅಮರಾವತಿ ನಮಗೆ ದೂರ’ ಎಂದಷ್ಟೇ ಬರೆದರೆ ಗೆರೆ ಎಳೆಯುವವರು ಅಳತೆಪಟ್ಟಿಯನ್ನು ತೆಗೆಯುತ್ತಾರೆ. ರೊದ್ದಂನಿಂದ, ಮಡಕಶಿರದಿಂದ, ಅಮರಾಪುರದಿಂದ, ಕಲ್ಯಾಣದುರ್ಗದಿಂದ ಹೊರಟ ಕಕ್ಷಿದಾರ ಯಾವ ಬಸ್ಸಿಗೆ ಹೊರಡುತ್ತಾನೆ, ಎಷ್ಟು ಗಂಟೆಗೆ ಸೇರುತ್ತಾನೆ, ಎಷ್ಟು ಖರ್ಚಾಗುತ್ತದೆ, ಎಷ್ಟು ದಿನದ ದುಡಿಮೆ ಹೋಗುತ್ತದೆ ಎಂಬುದನ್ನು ಊರುವಾರು ಬರೆದು, ಅದರ ಪಕ್ಕದಲ್ಲಿ ಪಾವಗಡದ ಕಕ್ಷಿದಾರನ ಲೆಕ್ಕವನ್ನೂ ಇಡಿ. ವಿಮಾನ ರದ್ದಾದರೆ ಗಂಟೆಯ ಲೆಕ್ಕದಲ್ಲಿ ಪರಿಹಾರ ಕೊಡುವ ದೇಶದಲ್ಲಿ, ನ್ಯಾಯಾಲಯಕ್ಕೆ ನಡೆಯುವವನ ದೂರವನ್ನೂ ಗಂಟೆಯ ಲೆಕ್ಕದಲ್ಲಿ ಹೇಳುವ ಅಧಿಕಾರ ನಮಗಿದೆ. ಅದನ್ನು ನಮ್ಮದೇ ಭಾಷೆಯಲ್ಲಿ ಬರೆದು, ತೆಲುಗಿನಲ್ಲೂ ಒಂದು ಪ್ರತಿಯನ್ನು ಸಿದ್ಧಮಾಡಿ ಕಳುಹಿಸೋಣ.